ಬೂಟಿನೊಳಗಿನ ಪೆಪ್ಪರಮೆಂಟು

ಹಾಳುಬಿದ್ದ ಕಟ್ಟಡ ಕಂಡರೆ ಬಾಯಲ್ಲಿ ನೀರೂರಿಸಿಕೊಳ್ಳೋ ಜನ ಇದ್ದಾರೆ ಅಂತ ಅರವತ್ತೆರಡು ವರ್ಷ ನನಗೆ ಗೊತ್ತಿರಲಿಲ್ಲ. ಹೋದ ತಿಂಗಳು ಗೊತ್ತಾಯಿತು. ನಮ್ಮ ಸ್ಕೇಟಿಂಗ್ ಹಾಲಿನ ಮುಂದೆ ಒಂದು ವ್ಯಾನು ಬಂದು ನಿಂತು ಇಬ್ಬರು ಇಳಿದರು. ಒಬ್ಬಳು ಮೂವತ್ತರ ಆಸುಪಾಸಿನ ಹೆಂಗಸು. ಮಟಮಟ ಮಧ್ಯಾಹ್ನ, ನೆತ್ತಿ ಸುಡೋ ಬಿಸಿಲು, ಆಯಮ್ಮ ಹಣೆಗೆ ಬ್ಯಾಟರಿ ಕಟ್ಟಿಕೊಂಡಿದ್ದಳು, ಅದೂ ಉರಿಯುತ್ತಿತ್ತು. ಹಿಂದೆ ಗಡ್ಡದವನೊಬ್ಬ ಕ್ಯಾಮೆರಾ, ಅದರ ಮೂರು ಕಾಲಿನ ಸ್ಟ್ಯಾಂಡು ಎರಡನ್ನೂ ಹೊತ್ತುಕೊಂಡು ಏದುಸಿರು ಬಿಡುತ್ತಿದ್ದ. ಅವಳಿಗೆ ಅಲ್ಲೇ ಹಣೆಬ್ಯಾಟರಿ ಅಂತ ಹೆಸರಿಟ್ಟೆ. ಅವನಿಗೆ ಹೆಸರಿಡುವಷ್ಟು ಯೋಗ್ಯತೆ ಕಾಣಲಿಲ್ಲ.

"ನಾವು ಮುಚ್ಚಿಹೋದ ಕಟ್ಟಡಗಳ ಚರಿತ್ರೆ ಹುಡುಕ್ತೀವಿ ಅಂಕಲ್" ಅಂದಳು. ನಾಲ್ಕಂತಸ್ತಿನ ಬಟ್ಟೆ ಅಂಗಡಿ ಆಯಿತಂತೆ, ನೀರಿಲ್ಲದ ಈಜುಕೊಳ ಆಯಿತಂತೆ, ಲಿಫ್ಟು ಅರ್ಧದಲ್ಲಿ ನಿಂತಿರೋ ಹೋಟೆಲು ಆಯಿತಂತೆ. ಈಗ ನಮ್ಮ ಸರದಿ. ಎಲ್ಲ ಸೇರಿಸಿ ಪುಸ್ತಕ ಮಾಡ್ತಾರಂತೆ, ಜೊತೆಗೆ ವಿಡಿಯೋ. ಇಪ್ಪತ್ತೆರಡು ವರ್ಷದಿಂದ ಬೀಗ ಬಿದ್ದಿರೋ ಹಾಲು. ಅದರ ಬೀಗದಕೈ ನನ್ನ ಹತ್ತಿರವೇ ಉಳಿದಿದೆ, ಯಾಕೆಂದರೆ ಯಜಮಾನನ ಮಕ್ಕಳಿಗೆ ಅದನ್ನು ಇಸಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. ಹಾಲಿನ ಹಿಂದಿನ ಓಣಿಯಲ್ಲಿ ಕೆಲಸದವರಿಗೆ ಅಂತ ಕಟ್ಟಿಸಿದ ಎರಡು ಕೋಣೆಯ ಮನೆ ನಮ್ಮದು. ನಾನು, ನಮ್ಮಕ್ಕ ಇಬ್ಬರೇ. ಅಕ್ಕ ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ, ಯಾರೂ ಒಪ್ಪಲಿಲ್ಲ ಅಂತಲೇ ಇಟ್ಕೊಳ್ಳಿ.

ಬಾಗಿಲು ತೆಗೆದೆ. ಒಳಗೆ ಕಾಲಿಟ್ಟವಳೇ ಹಣೆಬ್ಯಾಟರಿ ಎದೆ ಮೇಲೆ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಗಡ್ಡದವನು ಅದನ್ನೂ ಶೂಟ್ ಮಾಡಿದ. ಚಾವಣಿಯಲ್ಲಿ ತೂತು, ನೆಲದ ತುಂಬ ಪಾರಿವಾಳದ ಹಿಕ್ಕೆ, ಮೂಲೆಯಲ್ಲಿ ಯಾವನೋ ತಂದು ಸುರಿದ ಮುರುಕಲು ಕುರ್ಚಿ. ಇದಕ್ಕೆ ಎದೆ ಮೇಲೆ ಕೈ ಇಟ್ಕೋಬೇಕಾ?

"ಈ ಗೋಡೆ ನೋಡಿ ಅಂಕಲ್, ಬಣ್ಣದ ಎಷ್ಟು ಪದರ! ಒಂದೊಂದು ಪದರಾನೂ ಒಂದೊಂದು ಕಾಲ."

"ಕಾಲನೂ ಇಲ್ಲ, ಏನೂ ಇಲ್ಲ. ಯಜಮಾನ ಎರಡು ಡಬ್ಬ ಬಣ್ಣಕ್ಕೆ ನಾಲ್ಕು ಡಬ್ಬ ನೀರು ಹಾಕಿಸ್ತಿದ್ದ. ಹೊಡೆದ ವರ್ಷವೇ ಏಳ್ತಿತ್ತು, ಅದರ ಮೇಲೇ ಮತ್ತೆ ಹೊಡೀತಿದ್ವಿ" ಅಂದೆ.

"ಎಷ್ಟು ಜನರ ಸಂತೋಷ ನೋಡಿರಬೇಕು ಈ ಹಾಲು!"

ಸಂತೋಷವಂತೆ. ಬಂದವರಲ್ಲಿ ಮುಕ್ಕಾಲು ಪಾಲು ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಅಯ್ಯೋ ಅಮ್ಮಾ ಅನ್ನುತ್ತಿದ್ದವರು. ಉಳಿದ ಕಾಲು ಪಾಲು ಅವರನ್ನು ನೋಡಿ ಹಲ್ಲು ಕಿರಿಯಲಿಕ್ಕೆ ಬಂದವರು. ನಾನು ನೆಲದವನು. ನನ್ನ ಕೆಲಸ ಹಲಗೆ ಉಜ್ಜೋದು, ಎದ್ದ ಮೊಳೆ ಬಡಿಯೋದು, ಅರ್ಧ ಗಂಟೆಗೊಮ್ಮೆ ಗಂಟೆ ಹೊಡೆಯೋದು. ಗಂಟೆ ಹೊಡೆದ ಕೂಡಲೇ ಸುತ್ತುತ್ತಿದ್ದವರೆಲ್ಲ ನಿಂತು, ಉಲ್ಟಾ ತಿರುಗಿ, ಆ ಕಡೆಯಿಂದ ಸುತ್ತಬೇಕು. ಇಡೀ ದಿನ ಒಂದೇ ಕಡೆ ಸುತ್ತಿದರೆ ಹಲಗೆಗಳು ಒಂದೇ ಅಂಚಿನಲ್ಲಿ ಸವೆದು ಹೋಗ್ತವೆ, ಅದಕ್ಕೆ. ಇದನ್ನು ಹೇಳಿದ್ದಷ್ಟೇ ತಡ, ಹಣೆಬ್ಯಾಟರಿಗೆ ಮೈಯೆಲ್ಲ ರೋಮಾಂಚನ.

"ಅಂದ್ರೆ ಕಳೆದುಹೋಗಿದ್ದನ್ನ ವಾಪಸ್ ತರೋ ಗಂಟೆ!"

"ಹಲಗೆ ಉಳಿಸೋ ಗಂಟೆ ತಾಯೀ" ಅಂದೆ. ಬರೆದುಕೊಂಡಳು. ಏನು ಬರೆದುಕೊಂಡಳೋ, ನಾನು ಹೇಳಿದ್ದಂತೂ ಇರಲಿಕ್ಕಿಲ್ಲ.

ಹೀಗೇ ಮೂಗು ತೂರಿಸುತ್ತಾ ತೂರಿಸುತ್ತಾ ಬೂಟು ಕೌಂಟರಿನ ಮುಂದೆ ಬಂದು ನಿಂತಳು. ನನಗೆ ಅಲ್ಲಿಗೇ ಬರೋದು ಬೇಡವಾಗಿತ್ತು. ನಮ್ಮಲ್ಲಿ ಪದ್ಧತಿ ಹೀಗೆ: ಬಂದವರು ತಮ್ಮ ಬೂಟು ಬಿಚ್ಚಿ ಒಳಗೆ ತಳ್ಳಬೇಕು, ಅದರ ಬದಲು ಚಕ್ರದ ಬೂಟು ಹೊರಗೆ ಬರುತ್ತೆ. ಹೋಗುವಾಗ ಅದೇ ತಿರುವುಮುರುವು. ಕೌಂಟರಿಗೆ ಸೊಂಟದ ಮಟ್ಟದಲ್ಲಿ ಒಂದು ಉದ್ದನೆಯ ಸೀಳು ಅಷ್ಟೇ. ಅದರ ಮೇಲಿನ ಗಾಜಿಗೆ ಪೂರ್ತಿ ಬಣ್ಣ. ಒಳ್ಳೇ ಬಟ್ಟೆ ಹಾಕಿಕೊಂಡು ಬಂದ ಜನ ಕೆಲಸದವರ ಮೂತಿ ಯಾಕೆ ನೋಡಬೇಕು ಅಂತ ಯಜಮಾನನೇ ಹೊಡೆಸಿದ್ದ. ಒಳಗಿರೋರು ಗಿಡ್ಡ ಸ್ಟೂಲಿನ ಮೇಲೆ ಕೂತು ದಿನವಿಡೀ ನೋಡೋದು ಜನರ ಕಾಲು. ಜನ ನೋಡೋದು ಒಳಗಿರೋರ ಕೈ.

"ಇಲ್ಲಿ ಯಾರು ಕೂರ್ತಿದ್ರು ಅಂಕಲ್?"

"ಯಾರೋ. ಸತ್ತೋದ್ರು."

"ಛೇ! ಪರವಾಗಿಲ್ಲ, ಸ್ಕೇಟಿಂಗ್ ಮಾಸ್ಟರ್ ಸಿಕ್ಕಿದ್ದಾರೆ ನಮಗೆ. ಬೇರೆ ಊರಲ್ಲಿ, ಮಗಳ ಮನೇಲಿದ್ದಾರೆ. ಎರಡು ಗಂಟೆ ಮಾತಾಡಿದ್ದಾರೆ. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸೋದೇ ನಮ್ಮ ಕ್ರಮ. ಆಗಲೇ ನೆನಪು ಬಿಚ್ಚಿಕೊಳ್ಳೋದು. ಹಾಕ್ಲಾ?"

"ಬೇಡ. ನನಗೆ ಕಿವಿ ಸರಿಯಾಗಿ ಕೇಳಲ್ಲ" ಅಂದುಬಿಟ್ಟೆ. ಇಷ್ಟು ಹೊತ್ತು ಅವಳ ಪಿಸುಮಾತಿಗೂ ತಿರುಗಿ ಉತ್ತರ ಕೊಟ್ಟವನು ನಾನೇ. ಅಲ್ಲೇ ಧೈರ್ಯ ಮಾಡಿ ಒಬ್ಬನೇ ಕೇಳಿಬಿಟ್ಟಿದ್ದರೆ ಮುಂದಿನ ರಾಮಾಯಣ ತಪ್ಪುತ್ತಿತ್ತು. ಊರಿನವರನ್ನೆಲ್ಲ ಬೈಯೋಕೆ ನನಗೆ ಬಾಯಿ ಸಾಲದು, ಆದರೆ ಪುಕ್ಕಲುತನದಲ್ಲಿ ನನ್ನದು ಎತ್ತಿದ ಕೈ.

ವಿಷಯ ಏನು ಅಂತ ಹೇಳಿಬಿಡ್ತೀನಿ. ಬೂಟು ಕೌಂಟರಿನಲ್ಲಿ ಕೂರುತ್ತಿದ್ದವಳು ನಮ್ಮಕ್ಕ. ಇಪ್ಪತ್ತೊಂಬತ್ತು ವರ್ಷ ಕೂತಳು. ಅವಳಿಗೆ ಇಪ್ಪತ್ತೈದು ಇದ್ದಾಗ ಈ ಮಾಸ್ಟರ್ ಬಂದ. ನೆಟ್ಟಗಿನ ಬೆನ್ನು, ಎಣ್ಣೆ ಸುರಿದ ಕೂದಲು, ಕುತ್ತಿಗೆಗೆ ಒಂದು ಸೀಟಿ. ದಿನಾ ತನ್ನ ಕಂದು ಬೂಟು ಒಳಗೆ ತಳ್ಳುತ್ತಿದ್ದ. ಒಂದು ದಿನ ಅಕ್ಕ ನೋಡ್ತಾಳೆ, ಎಡಗಾಲಿನ ಬೂಟಿನೊಳಗೆ ಒಂದು ಪೆಪ್ಪರಮೆಂಟು. ಮಾರನೇ ದಿನವೂ ಒಂದು. ಅದರ ಮಾರನೇ ದಿನವೂ ಒಂದು. ಎರಡು ವರ್ಷ, ಒಂದು ದಿನ ತಪ್ಪಲಿಲ್ಲ. ಅದೂ ಕಾಗದ ಅರ್ಧ ಬಿಚ್ಚಿದ ಪೆಪ್ಪರಮೆಂಟು. "ನನಗೆ ಬಿಚ್ಚೋ ಕಷ್ಟಾನೂ ಬೇಡ ಅಂತ ಅರ್ಧ ಬಿಚ್ಚಿ ಇಡ್ತಾರೆ ಕಣೋ" ಅಂತ ನನ್ನ ಹತ್ತಿರ ಗುಟ್ಟಾಗಿ ಹೇಳಿ ಕೆಂಪಾಗಿದ್ದಳು. ಅವಳು ಅದನ್ನು ಬಾಯಿಗೆ ಹಾಕಿಕೊಂಡು, ಅವನ ಬೂಟಿಗೆ ಪಾಲಿಷ್ ಹೊಡೆದು ಕನ್ನಡಿ ಮಾಡಿ ಇಡುತ್ತಿದ್ದಳು. ಒಂದು ಮಾತಿಲ್ಲ, ಕತೆಯಿಲ್ಲ. ಮಾತಾಡಿದರೆ ಕೆಲಸ ಹೋಗುತ್ತೆ ಅಂತ ಅವರೂ ಸುಮ್ಮನಿದ್ದಾರೆ, ಸಮಯ ನೋಡಿ ಕೇಳ್ತಾರೆ ಅನ್ನೋದು ಅವಳ ಲೆಕ್ಕಾಚಾರ.

ನನಗೆ ಆಗ ಹತ್ತೊಂಬತ್ತು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕನೇ. ಅವಳು ಹೊರಟುಹೋದರೆ ನನ್ನ ಗತಿ ಏನು? ಬಟ್ಟೆ ಒಗೆಯೋರು ಯಾರು, ಹೊತ್ತಿಗೆ ಸರಿಯಾಗಿ ಊಟ ಇಡೋರು ಯಾರು? ದೊಡ್ಡ ದುಃಖ ಏನೂ ಅಲ್ಲ, ಇಷ್ಟೇ ನನ್ನ ತಲೆಯಲ್ಲಿ ಇದ್ದಿದ್ದು. ಒಂದು ಬೆಳಿಗ್ಗೆ ಮಾಸ್ಟರನ್ನು ಹಲಗೆಯ ಮೇಲೆ ಅಡ್ಡಹಾಕಿ, "ನಮ್ಮಕ್ಕನಿಗೆ ಮದುವೆ ಗೊತ್ತಾಗಿದೆ, ಅವಳ ತಂಟೆಗೆ ಬರಬೇಡಿ" ಅಂತ ಹೇಳಿದೆ. ಗೊತ್ತಾಗಿದ್ದ ಗಂಡು ಯಾವನೂ ಇರಲಿಲ್ಲ. ಇನ್ನೊಂದು ತಿಂಗಳಿಗೆ ಮಾಸ್ಟರ್ ಊರು ಬಿಟ್ಟ. ಅಕ್ಕ ಮೂರು ದಿನ ಮಾತಾಡಲಿಲ್ಲ, ನಾಲ್ಕನೇ ದಿನ ಎದ್ದು ಕೌಂಟರಿಗೆ ಹೋದಳು. ನಲವತ್ತಮೂರು ವರ್ಷ ಆಯಿತು. ನಾನು ಬಾಯಿ ಬಿಟ್ಟಿಲ್ಲ. ಅವಳು ಬಡಿಸಿದ್ದನ್ನು ತಿನ್ನುತ್ತಾ, ಅವಳ ಬಾಳು ಹಾಳು ಮಾಡಿದವನು ನಾನು ಅಂತ ದಿನಾ ನೆನೆಸಿಕೊಳ್ಳುತ್ತಾ ಬಂದಿದ್ದೀನಿ. ಇದೊಂದು ಅವಳಿಗೆ ತಿಳಿದರೆ ಈ ವಯಸ್ಸಿನಲ್ಲಿ ನನಗೆ ಬೇರೆ ಯಾರಿದ್ದಾರೆ?

ಅದಕ್ಕೇ ಹಣೆಬ್ಯಾಟರಿಯನ್ನು ಹೇಗಾದರೂ ವ್ಯಾನು ಹತ್ತಿಸೋಣ ಅಂತ, "ಇನ್ನೇನಿಲ್ಲ ಇಲ್ಲಿ, ಕಟ್ಟಡ ಯಾವಾಗ ಬೇಕಾದ್ರೂ ತಲೆ ಮೇಲೆ ಬೀಳಬಹುದು" ಅಂದೆ. ಬೀಳುತ್ತೆ ಅಂದ ಕೂಡಲೇ ಗಡ್ಡದವನು ಖುಷಿಯಾಗಿ ಚಾವಣಿ ಶೂಟ್ ಮಾಡತೊಡಗಿದ. ಇಂಥವರನ್ನು ಹೆದರಿಸೋದಾದರೂ ಹೇಗೆ?

ಅಷ್ಟರಲ್ಲಿ ಹಿಂದಿನ ಬಾಗಿಲಿಂದ ಅಕ್ಕನ ದನಿ. "ಯಾರೋ ಅದು, ಇಷ್ಟು ಹೊತ್ತಿಂದ ಮಾತಾಡ್ತಿದ್ದೀಯಾ?" ಒಗೆದ ಬಟ್ಟೆಯ ಬಕೆಟ್ಟು ಹಿಡಿದುಕೊಂಡೇ ಬಂದಳು.

"ನೀವೂ ಇಲ್ಲಿ ಕೆಲಸ ಮಾಡ್ತಿದ್ರಾ ಅಜ್ಜೀ?"

"ಹೂಂ ಮತ್ತೆ. ಇಪ್ಪತ್ತೊಂಬತ್ತು ವರ್ಷ. ಬೂಟು ಕೌಂಟರ್."

ಹಣೆಬ್ಯಾಟರಿ ನನ್ನ ಕಡೆ ತಿರುಗಿದಳು. ಆ ದೀಪ ನೇರ ನನ್ನ ಕಣ್ಣಿಗೆ ಹೊಡೆಯಿತು. "ಸತ್ತೋದ್ರು ಅಂದ್ರಲ್ಲ ಅಂಕಲ್?"

"ಸತ್ತಿರೋದು ಇವನ ಬುದ್ಧಿ" ಅಂದಳು ಅಕ್ಕ. "ನೀನು ಕೂತ್ಕೋಮ್ಮಾ. ಏನು ಬೇಕು ಕೇಳು. ಇವನ ಹತ್ರ ಕೇಳಿದ್ರೆ ಬರೀ ಮೊಳೆ, ಹಲಗೆ, ಬೈಗುಳ ಅಷ್ಟೇ."

ಬಂದವರಿಬ್ಬರೂ ಸೇರಿ ಅಕ್ಕನ ಮುಂದೆ ಕ್ಯಾಮೆರಾ, ಸ್ಟ್ಯಾಂಡು ಎಲ್ಲಾ ಅಂಗಡಿ ಹರಡಿದರು. ಬೂಟು ನೋಡಿಯೇ ಮನುಷ್ಯ ಎಂಥವನು ಅಂತ ಹೇಳಬಲ್ಲೆ ಅಂದಳು ಅಕ್ಕ. ಯಾರದು ಹಿಮ್ಮಡಿ ಸವೆದಿರ್ತಿತ್ತು, ಯಾರು ಅಣ್ಣನ ಬೂಟು ಕದ್ದು ಹಾಕ್ಕೊಂಡು ಬರ್ತಿದ್ರು, ಎಲ್ಲಾ ಹೇಳಿದಳು. ಇಷ್ಟು ಚೆನ್ನಾಗಿ ಮಾತಾಡ್ತಾಳೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಆ ಪ್ರಶ್ನೆ ಬಂತು.

"ಮಾಸ್ಟರ್ ನೆನಪಿದ್ದಾರಾ ಅಜ್ಜೀ?"

"ಇನ್ನೂ ಇದ್ದಾರಾ?" ಅಂತ ಕೇಳಿದಳು ಅಕ್ಕ.

"ಇದ್ದಾರೆ. ಅವರ ಮಾತು ರೆಕಾರ್ಡ್ ಮಾಡಿದೀವಿ. ಕೇಳ್ತೀರಾ?"

"ಅಕ್ಕಾ, ಬಿಸಿಲು. ನೀನು ಮಧ್ಯಾಹ್ನದ ಮಾತ್ರೆ ತಗೊಂಡಿಲ್ಲ, ನಡಿ ಒಳಗೆ" ಅಂತ ನಾನು ಅಡ್ಡ ಬಾಯಿ ಹಾಕಿದೆ.

"ತಗೊಂಡಿದ್ದೀನಿ. ಬಾಯಿ ಮುಚ್ಕೊಂಡು ಕೂತ್ಕೋ" ಅಂದಳು. ಮುಖ ಒರೆಸಿಕೊಂಡಳು, ಕೂದಲು ಸರಿ ಮಾಡಿಕೊಂಡಳು, ಅವನೇ ಬರ್ತಾನೇನೋ ಅನ್ನೋ ಥರ. ಎಪ್ಪತ್ತು ವರ್ಷದವಳು. ಅದನ್ನು ನೋಡಿ ನನಗೆ ಅಳು ಬರುವಂತಾಯಿತು, ಜೊತೆಗೆ ಆ ಎಣ್ಣೆತಲೆಯವನ ಮೇಲೆ ಎಲ್ಲಿಲ್ಲದ ಸಿಟ್ಟೂ ಬಂತು.

ಹಣೆಬ್ಯಾಟರಿ ಫೋನನ್ನು ಕೌಂಟರಿನ ಹಲಗೆಯ ಮೇಲಿಟ್ಟು ಒತ್ತಿದಳು. ಮೊದಲು ಕೆಮ್ಮು. ಹಿಂದೆ ಎಲ್ಲೋ ಟಿವಿ ಕೂಗಾಟ. ಆಮೇಲೆ ಅವನ ದನಿ, ಒಡೆದ ತಮಟೆಯ ಹಾಗೆ. ಆ ಹಾಲು ನಡೀತಿದ್ದಿದ್ದೇ ತನ್ನಿಂದ ಅಂದ. ತಾನು ಬಂದ ಮೇಲೇ ಜನ ಬರೋಕೆ ಶುರು ಮಾಡಿದ್ದು ಅಂದ. ಇದ್ದಿದ್ದು ಮೂರು ವರ್ಷ, ಅದರಲ್ಲಿ ಎಷ್ಟು ಸಲ ಹಿಂಭಾಗ ನೆಲಕ್ಕೆ ಹಚ್ಚಿದ್ದಾನೆ ಅಂತ ನನ್ನ ಹಲಗೆಗಳಿಗೆ ಗೊತ್ತು. ಅಕ್ಕ ಮಾತ್ರ ಬಗ್ಗಿ ಕೇಳುತ್ತಿದ್ದಳು, ಒಂದಕ್ಷರ ಬಿಡಬಾರದು ಅಂತ.

ರೆಕಾರ್ಡಿನಲ್ಲಿ ಹಣೆಬ್ಯಾಟರಿ ಕೇಳಿದಳು: "ಜೊತೆಗೆ ಕೆಲಸ ಮಾಡ್ತಿದ್ದವರು ಯಾರಾದ್ರೂ ನೆನಪಿದ್ದಾರಾ?"

"ಕೆಲಸದವರಾ? ಯಾರಿದ್ರು... ಹಾಂ, ಒಂದು ತಮಾಷೆ ಹೇಳ್ತೀನಿ ಕೇಳಿ. ಆ ಬೂಟಿಡೋ ಗೂಡಿನಲ್ಲಿ ಇಲಿ ಕಾಟ. ನನ್ನ ಬೂಟು ಸ್ವಲ್ಪ ನಾರ್ತಿತ್ತು ಅನ್ನಿ. ದಿನಾ ಚಕ್ರದ ಮೇಲೆ ನಿಂತವನ ಕಾಲು ಇನ್ನೇನು ಮಲ್ಲಿಗೆ ವಾಸನೆ ಬರುತ್ತಾ? ಒಳಗೆ ಪೆಪ್ಪರಮೆಂಟು ಇಟ್ರೆ ನಾತ ಹೋಗುತ್ತೆ ಅಂತ ಯಾರೋ ಹೇಳಿದ್ರು. ಕಾಗದ ಅರ್ಧ ಬಿಚ್ಚಿ ಇಟ್ರೆ ಘಮ ಚೆನ್ನಾಗಿ ಹರಡುತ್ತೆ. ಇಡ್ತಿದ್ದೆ. ಸಾಯಂಕಾಲ ನೋಡಿದ್ರೆ ಮಾಯ! ಎರಡು ವರ್ಷ ಇಲಿ ಸಾಕಿದೆ ನಾನು."

ನಗು. ನಗುವಿನಿಂದ ಕೆಮ್ಮು, ಕೆಮ್ಮಿನಿಂದ ಮತ್ತೆ ನಗು.

ನಾನು ಅಕ್ಕನ ಕಡೆ ನೋಡಲಿಲ್ಲ. ಇಲ್ಲಿಗೇ ಮುಗೀಲಿ ಅಂತ ನೆಲ ನೋಡುತ್ತಾ ಕೂತೆ. ಎಲ್ಲಿ ಮುಗಿಯುತ್ತೆ? ಆ ಮುದುಕನಿಗೆ ಕೇಳೋ ಕಿವಿ ಸಿಕ್ಕಿತ್ತು.

"ಇನ್ನೂ ಕೇಳಿ. ನೆಲ ಉಜ್ಜೋ ಹುಡುಗ ಒಬ್ಬ ಇದ್ದ, ಪೀಚಲ. ಒಂದಿನ ನನ್ನನ್ನ ಅಡ್ಡಹಾಕಿ, ಎದೆ ಉಬ್ಬಿಸ್ಕೊಂಡು, ನಮ್ಮಕ್ಕನಿಗೆ ಮದುವೆ ಗೊತ್ತಾಗಿದೆ, ಅವಳ ತಂಟೆಗೆ ಬರಬೇಡಿ ಅಂದ! ನಾನು ಆಯ್ತಪ್ಪಾ ಅಂದೆ. ಅವನ ಅಕ್ಕ ಯಾರು ಅಂತಾನೇ ನನಗೆ ಗೊತ್ತಿಲ್ಲ! ಆಮೇಲೆ ಯಾರನ್ನೋ ಕೇಳಿದೆ. ಬೂಟು ಗೂಡಿನಲ್ಲಿ ಕೂರ್ತಾಳೆ ಅಂದ್ರು. ಅಲ್ಲಿ ಹೆಂಗಸು ಇದ್ದಾಳಾ ಅಂದೆ. ದಿನಾ ಆ ಕೈ ನೋಡ್ತಿದ್ದೆ ನೋಡಿ, ಎಣ್ಣೆ, ಕಪ್ಪು, ಗಂಟುಗಂಟು. ಮೂರು ವರ್ಷ ಯಾವುದೋ ಗಂಡಸಿನ ಕೈ ಅಂದ್ಕೊಂಡಿದ್ದೆ!"

"ಮತ್ತೆ ಊರು ಯಾಕೆ ಬಿಟ್ರಿ?" ಅಂತ ಹಣೆಬ್ಯಾಟರಿಯ ದನಿ.

"ಬೇರೆ ಕಡೆ ದೊಡ್ಡ ಹಾಲು ತೆರೆದ್ರು, ಕರೆದ್ರು, ಹೋದೆ. ಅಷ್ಟೇ."

ಹಣೆಬ್ಯಾಟರಿ ತಡಬಡಾಯಿಸಿ ಫೋನ್ ನಿಲ್ಲಿಸಿದಳು. ಮುಖ ಬಿಳಿಚಿಕೊಂಡಿತ್ತು. ಎರಡು ಗಂಟೆ ರೆಕಾರ್ಡ್ ಮಾಡಿಕೊಂಡು ಬಂದಿದ್ದಾಳೆ, ಬೂಟು ಗೂಡಿನವಳು ಅಂದರೆ ಇದೇ ಅಜ್ಜಿ ಅಂತ ಹೊಳೆಯೋಕೆ ಕೊನೇವರೆಗೂ ಕೇಳಬೇಕಾಯಿತು. ಇವರು ಚರಿತ್ರೆ ಹುಡುಕೋರು! ಗಡ್ಡದವನ ಕ್ಯಾಮೆರಾದ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು, ಅಕ್ಕನ ಮುಖದ ಮೇಲೆ ನೆಟ್ಟುಕೊಂಡು.

"ಆರಿಸಯ್ಯಾ ಅದನ್ನ! ಮಾನ ಮರ್ಯಾದೆ ಇದೆಯಾ ನಿನಗೆ?" ಅಂತ ಕಿರುಚಿದೆ. ಸ್ಟ್ಯಾಂಡಿನ ಮೂರು ಕಾಲಿನಲ್ಲಿ ಒಂದನ್ನು ಒದ್ದೆ. ಕ್ಯಾಮೆರಾ ವಾಲಿತು, ಅವನು ಹಿಡಿದುಕೊಂಡ.

ಅಕ್ಕ ಎರಡೂ ಕೈಯನ್ನು ತೊಡೆ ಕೆಳಗೆ ಸೇರಿಸಿಕೊಂಡು ಕೂತಿದ್ದಳು. ಹತ್ತಿರ ಹೋಗಿ ಕೂತು ಹೇಳಿದೆ.

"ಅಕ್ಕಾ, ಆವಾಗ ನನಗೆ ಹತ್ತೊಂಬತ್ತು. ನೀನು ಬಿಟ್ಟು ಹೋಗ್ತೀಯಾ ಅಂತ ಹೆದರಿ..."

"ಗೊತ್ತು."

"ಏನು ಗೊತ್ತು?"

"ನೀನು ಹೋಗಿ ಹೇಳಿದ್ದು. ಟಿಕೆಟ್ಟು ಕೊಡ್ತಿದ್ದವಳು ಕೇಳಿಸ್ಕೊಂಡಿದ್ಲು. ಆ ವಾರವೇ ಬಂದು ಹೇಳಿದ್ಲು."

ಇವಳಿಗೆ ತಿಳಿದುಬಿಟ್ಟರೆ ಅಂತ ನಲವತ್ತಮೂರು ವರ್ಷ ಬೆವರಿದ್ದೆ. ಇವಳು ತಿಳಿದುಕೊಂಡೇ ನನ್ನ ಬಟ್ಟೆ ಒಗೆದಿದ್ದಾಳೆ, ಜ್ವರ ಬಂದಾಗ ತಲೆ ಒತ್ತಿದ್ದಾಳೆ.

"ಮತ್ತೆ ಒಂದು ಮಾತಾದ್ರೂ ಬೈಯಲಿಲ್ವಲ್ಲೇ."

"ಯಾಕೆ ಬೈಯಲಿ? ನನ್ನನ್ನ ಮೆಚ್ಚಿಕೊಂಡ ಒಬ್ಬ ಇದ್ದ, ತಮ್ಮ ಅಡ್ಡ ಬಂದ, ಇಲ್ಲದಿದ್ರೆ ನನಗೂ ಎಲ್ಲ ಆಗಿರ್ತಿತ್ತು. ಇಷ್ಟು ನನ್ನ ಹತ್ರ ಇತ್ತು. ಇದನ್ನ ಇಟ್ಕೊಂಡು ಹಾಯಾಗಿದ್ದೆ ಕಣೋ." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ದೀಪದ ವಯರಿಂಗಿಗೆ ಬರ್ತಿದ್ನಲ್ಲ, ಆ ಕುಳ್ಳ. ಎರಡು ಸಲ ಬಂದು ಕೇಳ್ದ. ಕೌಂಟರ್ ಒಳಗೆ ಬಂದು, ಬಲ್ಬು ಹಾಕಿ, ನನ್ನ ಮುಖ ನೋಡಿ ಕೇಳ್ದ. ನಕ್ಕು, ಹೋಗಯ್ಯಾ ಅಂದೆ. ಮಾಸ್ಟರ್ ಮೆಚ್ಚಿದವಳು ನಾನು, ನಿನ್ನನ್ನ ಕಟ್ಕೋತೀನಾ ಅಂತ ನನ್ನ ಕೊಬ್ಬು. ಪಾಪ, ತಲೆ ತಗ್ಗಿಸ್ಕೊಂಡು ಹೋದ. ಆಮೇಲೆ ಬೇರೆ ಮದುವೆ ಆದ. ಮೂರು ಮಕ್ಕಳು."

ಇದು ನನಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ.

"ಅಜ್ಜೀ, ಸಾರಿ. ಇದನ್ನ ಎಲ್ಲೂ ಹಾಕಲ್ಲ. ಈ ಭಾಗ ಪೂರ್ತಿ ತೆಗೆದುಬಿಡ್ತೀವಿ" ಅಂದಳು ಹಣೆಬ್ಯಾಟರಿ. ಅಳ್ತಿದ್ದಳು. ಬಂದಾಗಿನಿಂದ ಅವಳು ಮಾಡಿದ ಮೊದಲನೇ ಮರ್ಯಾದೆ ಕೆಲಸ ಅದು.

"ಯಾಕೆ ತೆಗೀತೀಯಾ? ನಿಜ ಬೇಕು ಅಂತ ತಾನೇ ಬಂದಿದ್ದು? ಹಾಕು. ಬೂಟು ಗೂಡಿನಲ್ಲಿ ಇಲಿ ಇತ್ತು ಅಂತ ಬರಿ."

ಬಕೆಟ್ಟು ಎತ್ತಿಕೊಂಡು ಎದ್ದಳು. ನಾನು ಹಿಂದೆಯೇ ಎದ್ದೆ. "ಅಕ್ಕಾ, ತಪ್ಪಾಯ್ತು. ಬೈದುಬಿಡು. ಎರಡು ಏಟು ಹಾಕು ಬೇಕಾದ್ರೆ. ಸುಮ್ಮನೆ ಮಾತ್ರ ಹೋಗಬೇಡ."

ಬಾಗಿಲ ಹತ್ತಿರ ನಿಂತು ತಿರುಗಿದಳು. ಆ ಎಣ್ಣೆತಲೆಯವನ ಮಾತು ಮುಗಿದಾಗಲೂ ಅವಳು ಹಾಗೆ ಮುಖ ಮಾಡಿರಲಿಲ್ಲ. ಯಾರೋ ಬಿಟ್ಟುಹೋದ ಹಳೇ ಬೂಟನ್ನು ನೋಡುವಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಲವತ್ತಮೂರು ವರ್ಷ ದಿನಾ ಬೆಳಿಗ್ಗೆ ಎದ್ದು ನಿನ್ನನ್ನ ಕ್ಷಮಿಸಿದ್ದೀನಿ ಕಣೋ. ಅದೊಂದೇ ನಾನು ಮಾಡಿದ ದೊಡ್ಡ ಕೆಲಸ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ನೀನು ಏನೂ ಮಾಡೇ ಇಲ್ಲ."